ಮಕ್ಕಳ ಕೋಣೆಗೆ ಹಾಕಿದ ಬೀಗ

ಮಧುರಾ,

‘ಪ್ರೀತಿಯ’ ಎಂದು ಬರೆಯಲು ಹೋದೆ, ಕೈ ಏಳಲಿಲ್ಲ. ಬರೀ ಹೆಸರೇ ಸಾಕು.

ಹೋದ ಶುಕ್ರವಾರ ನೀನು ಫೋನು ಮಾಡಿ, “ಚೂಡಿ, ಮಕ್ಕಳ ಕೋಣೆ ಮತ್ತೆ ಶುರು ಮಾಡ್ತಿದೀವಿ ಕಣೇ. ತಾಯಂದಿರಿಗೆ ನೀನೇ ಹೇಳ್ಬಿಡು, ನೀನು ಕರೆದ್ರೆ ಬರ್ತಾರೆ” ಅಂದಾಗ ಕುಣಿದಾಡಿಬಿಟ್ಟೆ. ಚಾಮರಾಜಪೇಟೆಯ ಆ ನರ್ಸಿಂಗ್ ತರಬೇತಿ ಕೇಂದ್ರ ನಡೆಸುವವಳು ನೀನು, ಕಲಿಯಲು ಬರುವ ಹೆಂಗಸರ ಕಷ್ಟಸುಖ ನೋಡಿಕೊಳ್ಳುವವಳು ನಾನು. ಕ್ಲಾಸು ಮುಗಿಯುವವರೆಗೆ ಮಕ್ಕಳನ್ನು ಬಿಡುತ್ತಿದ್ದ ಆ ಕೋಣೆಯನ್ನು ಹಣ ಸಾಲದೆ ಮುಚ್ಚಿದ ಮೇಲೆ ಎಷ್ಟು ಜನ ಬಿಟ್ಟು ಹೋದರು, ನಿನಗೂ ಗೊತ್ತು. ಕಂಕುಳಲ್ಲಿ ಮಗು ಇಟ್ಟುಕೊಂಡು ರೋಗಿಯ ಬಿಪಿ ನೋಡುವುದನ್ನು ಹೇಗೆ ಕಲಿಯುತ್ತಾರೆ ಹೇಳು?

ಅಂಜಿನಮ್ಮ ಇದ್ದಳಲ್ಲ, ಕ್ಲಾಸಿಗೆಲ್ಲ ಚುರುಕಾದವಳು, ಅವಳೂ ಕ್ಲಾಸು ಬಿಟ್ಟು ಗಾಂಧಿಬಜಾರಿನಲ್ಲಿ ಹೂ ಕಟ್ಟುವ ಕೆಲಸ ಹಿಡಿದಿದ್ದಳು. ನನ್ನ ಮಾತು ನಂಬಿ ಅದನ್ನೂ ಬಿಟ್ಟು, ಸೋಮವಾರ ಮಗಳಿಗೆ ಹಬ್ಬದ ಲಂಗ ತೊಡಿಸಿಕೊಂಡು ಬಂದಳು. ಹೊಸ ಚಾಪೆ, ಬಲೂನು, ಆಟಿಕೆ! ದೇಣಿಗೆ ಕೊಡುವವರು ಬಂದರು, ಫೋಟೋ ತೆಗೆದರು. ನೀನು ಅವಳ ಮಗಳನ್ನೇ ಎತ್ತಿಕೊಂಡು ನಕ್ಕೆ. ಮಂಗಳವಾರ ಬಂದರೆ ಬಾಗಿಲಿಗೆ ಬೀಗ. ಆಟಿಕೆಗಳು ಬಾಡಿಗೆಯವಂತೆ.

“ನಿಮ್ಗೆ ಮೊದ್ಲೇ ಗೊತ್ತಿತ್ತಾ ಅಕ್ಕಾ?” ಅಂತ ಅಂಜಿನಮ್ಮ ಕೇಳಿದಳು. ಇಲ್ಲ ಎಂದೆ. ಅವಳು ನಂಬಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ನಿನ್ನನ್ನು ಕೇಳಿದರೆ, “ಎಲ್ಲಾ ಕಡೆ ಹೀಗೇ ಕಣೇ. ಫೋಟೋ ಇಲ್ದಿದ್ರೆ ನಾಳೆ ಕ್ಲಾಸೂ ಇರಲ್ಲ” ಅಂದೆ. ಇರಬಹುದು. ದುಡ್ಡಿಲ್ಲ ಎಂದಿದ್ದರೆ ನನಗೆ ಸಿಟ್ಟೇ ಬರುತ್ತಿರಲಿಲ್ಲ. ಸುಳ್ಳು ಹೇಳಿಸಲು ನನ್ನ ಬಾಯಿಯೇ ಬೇಕಿತ್ತೇನೇ?

ನೀನು ಟೈಪಿಂಗ್ ಕಲಿಯುವಾಗ ನಿನ್ನ ಮಗ ಅಭಿನಂದನನನ್ನು ನಮ್ಮಮ್ಮನ ಮಡಿಲಿಗೆ ಹಾಕಿ ಓಡುತ್ತಿದ್ದೆ. ಅವನಿಗೆಂದು ಅಮ್ಮ ನಡುಮನೆಯಲ್ಲಿ ಸೀರೆಯ ಜೋಲಿ ಕಟ್ಟಿದ್ದಳು. ಕೇಂದ್ರದಲ್ಲೂ ಮಕ್ಕಳಿಗೊಂದು ಕೋಣೆ ಬೇಕು ಎಂದು ಮೊದಲು ಹೇಳಿದವಳೇ ನೀನು. ನನಗೆ ಸಂಕಟವಾಗುವುದು ಅದಕ್ಕೇ.

ಅದೇ ನಡುಮನೆಯಲ್ಲಿ ನಿನ್ನೆಯಿಂದ ಆ ತಾಯಂದಿರ ಮಕ್ಕಳಿಗೆಂದು ಚಾಪೆ ಹಾಸಿದ್ದೇನೆ. ಅಂಜಿನಮ್ಮನ ಮನೆಗೆ ನಾನೇ ಹೋಗಿ ಕರೆದೆ. ಇವತ್ತು ಬಂದಳು. ಮಗಳಿಗೆ ಹಳೇ ಫ್ರಾಕು. ಹೊಸ್ತಿಲಾಚೆಯೇ ನಿಂತು, ಮಗುವಿನ ಕೈ ಬಿಡದೆ ಕೇಳಿದಳು: “ನಾಳೇನೂ ಇರ್ತದಾ ಅಕ್ಕಾ?”

ನಿನಗೆ ಒಳ್ಳೆಯದಾಗಲಿ, ಮಧುರಾ. ಇನ್ನು ಮುಂದೆ ಯಾರನ್ನಾದರೂ ಕರೆಯಬೇಕಾದರೆ ನಿನ್ನ ಹೆಸರು ಹೇಳಿಯೇ ಕರೆ.

ಒಂದು ಕಾಲಕ್ಕೆ ನಿನ್ನ ಚೂಡಿಯಾಗಿದ್ದ,
ಚೂಡಾಮಣಿ