ಹಿಗ್ಗದ ಲೋಹ, ಅಟ್ಟದ ಕಾಯಿ

ಬೆಂಗಳೂರು
ಫೆಬ್ರವರಿ ೧೯೮೧

ನನ್ನ ಗಂಗಕ್ಕನಿಗೆ, ತಂಗಿ ಶಾಂತಕುಮಾರಿಯ ನಮಸ್ಕಾರ.

ಭಾವ ತೀರಿಕೊಂಡು, ಶಿವಗಣಾರಾಧನೆಯೂ ಮುಗಿದ ಮೇಲೆ ನಾನು ಹೊರಟೆನಲ್ಲ, ಆ ದಿನ ತಿಪಟೂರು ಸ್ಟೇಷನ್ನಿನಲ್ಲಿ ನೀನು ಕೇಳಿದೆ: “ನಂಗೆ ಒಂದ್ ಹನಿ ಕಣ್ಣೀರು ಬರ್ಲಿಲ್ಲ ಕಣೇ. ಅವ್ರ ಮೇಲೆ ನಂಗೆ ಪ್ರೀತಿನೇ ಇರ್ಲಿಲ್ವೇನೋ?” ಅಷ್ಟರಲ್ಲಿ ರೈಲು ಬಂತು. ನಾನು ಹತ್ತಿಬಿಟ್ಟೆ. ಅಂದಿನಿಂದ ಆ ಪ್ರಶ್ನೆ ನನ್ನನ್ನು ಕೊರೆಯುತ್ತಿದೆ.

ಇಲ್ಲಿನ ಪ್ರಯೋಗಾಲಯದಲ್ಲಿ ನನ್ನ ಕೆಲಸ ಕಾಯಿಸಿದರೂ ಹಿಗ್ಗದ ಲೋಹದ ಮೇಲೆ ಎಂದಾಗ ನಕ್ಕವಳು ನೀನು. “ಹಿಗ್ಗದಿದ್ರೆ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಾಸಿ ಹೆಂಗೆ ಏರಿಸ್ತಾರೆ? ಬುಡು, ಕೆಲಸಕ್ಕೆ ಬಾರದ್ದು” ಅಂದಿದ್ದೆ. ಬಿಸಿಲಿಗೂ ತಪ್ಪು ತೋರಿಸದ ಅಳತೆಪಟ್ಟಿ ಮಾಡಲು ಅದೇ ಬೇಕು ತಾಯಿ! ಕಬ್ಬಿಣಕ್ಕೆ ನಿಕಲ್ ಬೆರೆಸಿದ ಲೋಹ. ಅಟ್ಟದಲ್ಲಿ ಒಣಗಲು ಹಾಕಿದ ತೆಂಗಿನಕಾಯಿಯನ್ನು ಒಡೆಯದೆ, ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪಿನಿಂದ ಕಳಚಿದೆಯೋ ಇಲ್ಲವೋ ನೀನು ಹೇಳುವುದಿಲ್ಲವೇ? ನಾವೂ ಹಾಗೆಯೇ. ಲೋಹದ ತೆಳು ಹಾಳೆಯ ಮೂಲಕ ಗಾಮಾ ಕಿರಣ ಹಾಯಿಸಿ, ಮೂಡುವ ರೋಹಿತದ, ಅಂದರೆ ಆ ಕಿರಣದ ನಕ್ಷೆಯ, ಗೆರೆಗಳಿಂದ ಒಳಗಿನದನ್ನು ತಿಳಿಯುತ್ತೇವೆ. ಬಿಸಿ ಏರಿದಂತೆ ಆ ಗೆರೆಗಳು ಒಂದಕ್ಕೊಂದು ಹತ್ತಿರ ಸರಿಯುತ್ತವೆ. ಒಳಗಿನ ಕಾಂತಶಕ್ತಿ ಕುಂದುತ್ತಿದೆ ಎಂದರ್ಥ. ಬಿಸಿಯು ಲೋಹವನ್ನು ಹಿಗ್ಗಿಸುತ್ತದೆ, ಕುಂದುವ ಕಾಂತಶಕ್ತಿ ಹೆಚ್ಚುಕಡಿಮೆ ಅಷ್ಟೇ ಕುಗ್ಗಿಸುತ್ತದೆ. ಹೊರಗಿನಿಂದ ಅಳೆದವರಿಗೆ ಏನೂ ಆಗಿಲ್ಲವೆಂದು ಕಾಣುತ್ತದೆ. ಬಿಸಿ ತಾಗಿಲ್ಲವೆಂದಲ್ಲ ಅಕ್ಕಾ.

ನಿನ್ನ ಅತ್ತೆ ದ್ರಾಕ್ಷಾಯಣಮ್ಮನವರು ಬಂದವರ ಮುಂದೆಲ್ಲ, “ಗಂಡನ್ನ ಮಣ್ಣು ಮಾಡಿ ಮೂರು ದಿನ ಆಗಿಲ್ಲ, ಅಟ್ಟ ಹತ್ತಿ ಕಾಯಿ ಆರಿಸ್ತವ್ಳೆ. ಕಲ್ಲೆದೆ ಕಣ್ರೀ” ಅಂದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಮಗನನ್ನು ಕಳೆದುಕೊಂಡ ಜೀವ, ಅವರಿಗೆ ಏನು ಹೇಳಲಿ? ನಿನ್ನನ್ನು ಕರೆತರೋಣವೆಂದು ಏಣಿ ಹತ್ತಿದೆ. ನನ್ನನ್ನು ನೀನು ನೋಡಲಿಲ್ಲ. ಒಂದೊಂದೇ ಕಾಯಿ ಅಲ್ಲಾಡಿಸಿ ಕೇಳಿ, ತಿರುಗಿಯೂ ನೋಡದೆ ಎಡಗಡೆಗೆ ಚಾಚುತ್ತಿದ್ದೆ. ಪ್ರತಿ ವರ್ಷ ಭಾವ ಕೂತು ಕಾಯಿ ಈಸಿಕೊಳ್ಳುತ್ತಿದ್ದ ಜಾಗ ಅದು. ತೆಗೆದುಕೊಳ್ಳುವವರಿಲ್ಲದೆ ನಿನ್ನ ಕೈ ಸ್ವಲ್ಪ ಹೊತ್ತು ಹಾಗೇ ನಿಂತಿರುತ್ತಿತ್ತು. ಆಮೇಲೆ ನೀನೇ ಕೆಳಗಿಡುತ್ತಿದ್ದೆ. ನಾನು ಕರೆಯದೆ ಇಳಿದುಬಂದೆ.

ಪ್ರೀತಿ ಇರಲಿಲ್ಲವೇನೋ ಎಂದು ಇನ್ನೊಂದು ಸಲ ಕೇಳಿದರೆ ನಿನ್ನ ಜೊತೆ ಠೂ ಬಿಡುತ್ತೇನೆ, ನೋಡು.

ಯುಗಾದಿಗೆ ಬರುತ್ತೇನೆ. ಅಳು ಬಂದರೆ ಬರಲಿ, ಬಾರದಿದ್ದರೆ ಬೇಡ. ಮಿಕ್ಕ ಕಾಯಿಗಳನ್ನು ಇಬ್ಬರೂ ಸೇರಿ ಆರಿಸೋಣ. ಎಡಗಡೆ ನಾನು ಕೂತಿರುತ್ತೇನೆ. ನೀನು ನೋಡದೆಯೇ ಕೈ ಚಾಚು.

ಶಿವ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ತಂಗಿ,
ಶಾಂತಕುಮಾರಿ