ಸತ್ತ ರಾಜ ಕಾಣದ ದೃಶ್ಯ

ಮಾರ್ಚ್ 3, ಸೋಮವಾರ

ಬನ್ನಿ, ಬನ್ನಿ! ಮುಂದಿನ ಸಾಲಿನ ಮಹನೀಯರೇ, ಹಿಂದಿನ ಬೆಂಚಿನ ಧೀರರೇ, ಬಾಗಿಲಿಗೆ ಒರಗಿ ನಿಂತ ಟಿಕೆಟ್ಟಿಲ್ಲದ ರಸಿಕರೇ! ಸದ್ದು ನಿಲ್ಲಲಿ, ಕತೆ ಶುರುವಾಗಲಿ!... ಯಾರೂ ಇಲ್ಲ. ಗೊತ್ತು. ಡೈರಿಗೆ ಎಲ್ಲಿಯ ಸಭೆ? ಆದರೂ ಬಾಯಿ ತೆರೆದರೆ ಕೊನೆಯ ಸಾಲಿಗೂ ಕೇಳಬೇಕು ಅಂತ ಬೆಳೆದವನು. ಮೆಲ್ಲಗೆ ಬರೆಯಲು ಬರುವುದಿಲ್ಲ.

ಬೆಳಿಗ್ಗೆಯಿಂದ ಅಂಗಡಿಯಲ್ಲಿ ರಿಪೇರಿ. ಶಾಲೆಯೊಂದಕ್ಕೆ ಬಾಡಿಗೆಗೆ ಹೋಗಿದ್ದ ಕಿರೀಟಗಳು ವಾಪಸು. ಒಂದರ ಮಣಿ ಉದುರಿದೆ, ಇನ್ನೊಂದರ ಮೇಲೆ ಯಾರೋ ಕೂತಿದ್ದಾರೆ. ನಾಟಕದ ಉಡುಪು ಬಾಡಿಗೆಗೆ ಕೊಡುವವನು ನಾನು — ಬಾಡಿಗೆ ವಸ್ತುವಿಗೆ ಜನ ಏನು ಗತಿ ಕಾಣಿಸುತ್ತಾರೆ ಅಂತ ನನಗೆ ಯಾರೂ ಪಾಠ ಹೇಳಬೇಕಿಲ್ಲ.

ಅಂಟು ಹಚ್ಚುತ್ತಿದ್ದಾಗ ಫೋನು ಟಿಂಗ್ ಅಂತು. ವಿಡಿಯೋ ಕಂಪನಿಯ ಮೆಸೇಜು. ಎಂಟು ವರ್ಷದ ಹಿಂದೆ ನಮ್ಮ ರಾಣಿ ನಾಟಕವನ್ನು ಶೂಟ್ ಮಾಡಿ ತಮ್ಮ ಆ್ಯಪಿನಲ್ಲಿ ಹಾಕಿದ್ದರಲ್ಲ, ಅವರೇ. "ಮಾರ್ಚ್ 14ರ ನಂತರ ಈ ನಾಟಕ ಲಭ್ಯವಿರುವುದಿಲ್ಲ."

ಅಂಟು ಕೈಯಲ್ಲೇ ಒಣಗಿತು.

ಇಪ್ಪತ್ಮೂರಕ್ಕೆ ನಮ್ಮ ಶೋ. ಅದೇ ನಾಟಕ. ರಾಣಿಯಾಗುವವಳು ಮಗಳು. ಇಷ್ಟು ವರ್ಷ ರಾಣಿಯಾಗಿದ್ದವಳು ಅವಳಮ್ಮ, ನನ್ನ ಮನೆಯ ಮಹಾರಾಣಿ. ಹೋದ ವರ್ಷ ಸ್ಟ್ರೋಕ್. ಬಲಗೈ ಕೈಕೊಟ್ಟಿತು, ಕಾಲು ಎಳೆಯುತ್ತದೆ. ನಾಲಿಗೆಗೆ ಮಾತ್ರ ಏನೂ ಆಗಲಿಲ್ಲ. ಅದರ ಹರಿತ ಹೆಚ್ಚಾಗಿದೆ ಅಂತಲೇ ನನ್ನ ಅಂದಾಜು.

ಆ ನಾಟಕದ ಪ್ರಾಣ ಕೊನೆಯ ಒಂಬತ್ತು ನಿಮಿಷ. ಯುದ್ಧದಲ್ಲಿ ರಾಜ ಸತ್ತು ಬಿದ್ದಿದ್ದಾನೆ. ರಾಣಿ ಒಬ್ಬಳೇ ಬರುತ್ತಾಳೆ. ಒಂದೂ ಮಾತಿಲ್ಲ. ಮೂರು ಸಲ ಅವಳ ಕೈ ತನ್ನ ಕಿರೀಟದ ಕಡೆ ಹೋಗುತ್ತದೆ. ಮೂರನೆಯ ಸಲ ಅದನ್ನು ತೆಗೆದು ರಾಜನ ಎದೆಯ ಮೇಲಿಟ್ಟು ಹೊರಟುಹೋಗುತ್ತಾಳೆ. ಅಷ್ಟೇ. ಹಾಲಿನಲ್ಲಿ ಕೆಮ್ಮುವವರೂ ಕೆಮ್ಮು ನುಂಗಿಕೊಳ್ಳುತ್ತಿದ್ದರಂತೆ.

"ಅಂತೆ" ಯಾಕೆಂದರೆ — ಆ ರಾಜ ನಾನು. ಲೆಕ್ಕವಿಲ್ಲದಷ್ಟು ಶೋ ಆದರೂ ಒಮ್ಮೆಯೂ ನೋಡಿಲ್ಲ. ಕಣ್ಣು ಮುಚ್ಚಿ, ಮುಖ ಆಚೆ ತಿರುಗಿಸಿ, ಉಸಿರು ಬಿಗಿಹಿಡಿದು ಹೆಣವಾಗಿ ಬಿದ್ದಿರುತ್ತಿದ್ದೆ. ಎದೆಯ ಮೇಲೆ ಕಿರೀಟದ ಭಾರ ಬಿತ್ತೋ, ದೃಶ್ಯ ಮುಗಿಯಿತು ಅಂತ ಅರ್ಥ. ಆ್ಯಪಿನಲ್ಲಿ? ಅಲ್ಲೂ ಒಂದು ಸಲ ಹಾಕಿದ್ದೆ. ನಾನು ಸಾಯುವವರೆಗೆ ನೋಡಿ ಆಫ್ ಮಾಡಿದ್ದೆ. ನಾಯಕನೇ ಹೋದ ಮೇಲೆ ನಾಟಕದಲ್ಲಿ ಇನ್ನೇನಿರುತ್ತದೆ ಅಂತ.

ಮಾರ್ಚ್ 5

ನಡುಮನೆಯಲ್ಲಿ ರಿಹರ್ಸಲ್. ಅಮ್ಮ ಕುರ್ಚಿಯಲ್ಲಿ, ಮಗಳು ನಿಂತು.

"ಅಮ್ಮಾ, ಎರಡನೇ ಸಲ ಕೈ ಎಲ್ಲೀವರೆಗೆ ಹೋಗ್ತಿತ್ತು?"

"ನನಗೇನು ಗೊತ್ತು? ನಾನೆಲ್ಲಿ ಮಾಡ್ತಿದ್ದೆ ಕಣೇ, ಕೈ ಮಾಡ್ತಿತ್ತು. ಅದನ್ನೇ ಕೇಳು. ಈಗ ಮುಷ್ಕರ ಹೂಡಿ ತೊಡೆ ಮೇಲೆ ಮಲಗಿದೆ ನೋಡು."

ಮಗಳು ಮಾಡಿ ತೋರಿಸಿದಳು. ಹೇಗಿತ್ತು ಅಂದರೆ... ತಲೆ ಕೆರೆದುಕೊಂಡ ಹಾಗಿತ್ತು. ನಾನು ಹೇಳುವ ಮೊದಲೇ ಅವಳಿಗೇ ಗೊತ್ತಾಯಿತು. ಕಣ್ಣಲ್ಲಿ ನೀರು.

"ಜನ ಬರೋದೇ ಈ ಒಂಬತ್ತು ನಿಮಿಷಕ್ಕೆ ಅಪ್ಪ. ಒಂದು ಸಲ ಸರಿಯಾಗಿ ಅಮ್ಮನ್ನ ನೋಡಿದ್ರೆ ಸಾಕು. ಆಮೇಲೆ ನಂದು ನಾನು ಮಾಡ್ಕೋತೀನಿ."

ಕಂಪನಿಗೆ ಫೋನು. ಬಹಳ ಹೊತ್ತು ಸಂಗೀತ ಕೇಳಿಸಿದರು. ಆಮೇಲೆ ಒಬ್ಬ ಸಿಕ್ಕ.

"ಆ ನಾಟಕ ಮಾರಿಬಿಡಪ್ಪ. ಕೊಂಡ್ಕೋತೀನಿ."

"ಸರ್, ಅದು ರೆಂಟಲ್ ಟೈಟಲ್. ಪರ್ಚೇಸ್ ಆಪ್ಷನ್ ಇಲ್ಲ."

"ಅಯ್ಯಾ, ಅದರಲ್ಲಿರೋ ರಾಜ ನಾನೇ!"

"ಕಂಗ್ರಾಜುಲೇಷನ್ಸ್ ಸರ್."

ಕೋರಿಕೆ ದಾಖಲಿಸಿಕೊಂಡಿದ್ದಾನಂತೆ. ಒಂದು ತಿಂಗಳಲ್ಲಿ ಉತ್ತರ. ಶೋಗೆ ಇರುವುದು ಎರಡೂವರೆ ವಾರ!

ಮಾರ್ಚ್ 9, ಭಾನುವಾರ

ಫ್ಯೂಸು ಬಂದಿದ್ದ. ನಮ್ಮ ತಂಡದ ಲೈಟಿನವನು. ಅವನಿಲ್ಲದಿದ್ದರೆ ಎಲ್ಲ ಕತ್ತಲೆ ಅಂತ ಆ ಹೆಸರು ಇಟ್ಟವನು ನಾನೇ. ಅವನಿದ್ದರೂ ಕತ್ತಲೆ ಅಂತ ಹೆಂಡತಿಯ ತಿದ್ದುಪಡಿ.

ಉಪಾಯ ಹೇಳಿದ. ಹದಿನಾಲ್ಕರ ಒಳಗೆ ಬಾಡಿಗೆಗೆ ತೆಗೆದುಕೊಂಡರೆ ಸಾಕು. ನೋಡಲು ಒಂದು ತಿಂಗಳು ಅವಕಾಶ. ಮುಂದಿನ ಭಾನುವಾರ ಸಂಜೆ ಐದಕ್ಕೆ ಇಡೀ ತಂಡ ರಿಹರ್ಸಲ್ ಹಾಲಿನಲ್ಲಿ ಸೇರಲಿ, ಪ್ರೊಜೆಕ್ಟರಿನಲ್ಲಿ ಗೋಡೆಯಷ್ಟು ದೊಡ್ಡದಾಗಿ ನೋಡೋಣ. ಭೇಷ್!

ಅಷ್ಟಕ್ಕೆ ಸುಮ್ಮನಿರಬಹುದಿತ್ತು. ದನಿ ತಗ್ಗಿಸಿದ. "ಮೇಷ್ಟ್ರೇ, ಒಂದು ಸಣ್ಣ ಬಾಕ್ಸ್ ಬರುತ್ತೆ. ಫೋನಿಗೂ ಪ್ರೊಜೆಕ್ಟರಿಗೂ ನಡುವೆ ಸಿಕ್ಕಿಸಿದ್ರೆ, ಕಾಪಿ ಮಾಡದ ಹಾಗೆ ಅವರು ಹಾಕಿರೋ ಬೀಗ ಬಿಚ್ಚುತ್ತೆ. ಕಾಪಿ ಮಾಡಿ ಇಟ್ಕೊಂಡ್ಬಿಡೋಣ."

ಗುಡುಗಿದೆ. ಗೋಡೆಯ ಮೇಲಿನ ಕತ್ತಿಗಳು ಅಲುಗಾಡಿದವು. "ನನ್ನ ರಾಣಿಯ ನಿಲುವಂಗಿ ಬಾಡಿಗೆಗೆ ಒಯ್ದು, ಟೈಲರ್ ಹತ್ತಿರ ಅದರ ಅಳತೆ ಕದ್ದು, ಎದುರು ರಸ್ತೆಯಲ್ಲೇ ಅಂಗಡಿ ತೆರೆದವನನ್ನ ಮರೆತೆಯಾ? ಬಾಡಿಗೆ ಅಂದರೆ ಬಾಡಿಗೆ! ಉಟ್ಟುಕೋ, ಆಡು, ತಂದುಕೊಡು. ಅದಕ್ಕೆ ಬೀಗ ಇರಲೇಬೇಕು!"

"ಸರಿ, ಹಂಗಾದ್ರೆ ಮಾರಲಿ. ಮುಂಚೆ ಡಿಸ್ಕ್ ಕೊಂಡ್ರೆ ಅದಕ್ಕೂ ಬೀಗ ಇತ್ತು ಮೇಷ್ಟ್ರೇ. ಕಾಪಿ ಮಾಡೋಕೆ ಬರ್ತಿರಲಿಲ್ಲ. ಆದ್ರೆ ಡಿಸ್ಕ್ ನಮ್ಮ ಕಪಾಟಿನಲ್ಲಿರ್ತಿತ್ತು. ಕಂಪನಿ ಮುಚ್ಚಿಹೋದ್ರೂ ಓಡ್ತಿತ್ತು. ಇವರು ಮಾರೋದೂ ಇಲ್ಲ, ಬಾಡಿಗೆಗೆ ಇನ್ನು ಕೊಡೋದೂ ಇಲ್ಲ. ಆಮೇಲೆ ನಾವೇನು ಮಾಡ್ಬೇಕು?"

ಮೀಸೆ ತಿರುವಿದೆ.

ಒಳಗಿನಿಂದ ಹೆಂಡತಿ: "ಕೈ ನಂದು, ಮುಖ ನಂದು. ಪಂಚಾಯ್ತಿ ನಿಮ್ಮಿಬ್ಬರದು. ಚೆನ್ನಾಗಿದೆ."

ಮಾರ್ಚ್ 13

ಬಾಡಿಗೆಗೆ ತೆಗೆದುಕೊಂಡಾಯಿತು. ಫೋನಿನಲ್ಲಿ ನಾಟಕದ ಚಿತ್ರ, ಕೆಳಗೆ ಹಸಿರು ಗುಂಡಿ. ಜೀವ ನಿರಾಳ.

ಮಾರ್ಚ್ 14, ಶುಕ್ರವಾರ

ಟ್ರಯಲ್ ಇಲ್ಲದೆ ಪರದೆ ಎಳೆಯುವವನು ನಾಟಕದವನೇ ಅಲ್ಲ. ಹನ್ನೊಂದು ಗಂಟೆಗೆ ಅಂಗಡಿಯಲ್ಲೇ ಹಸಿರು ಗುಂಡಿ ಒತ್ತಿ ನೋಡಿದೆ. ಏನೋ ಕೇಳಿತು, ಓಕೆ ಅಂದೆ. ಚಿತ್ರ ಬಂತು, ಧ್ವನಿ ಬಂತು, ನನ್ನ ಮೊದಲ ಪ್ರವೇಶವೂ ಬಂತು. ಏನು ಗತ್ತು! ನಿಲ್ಲಿಸಿದೆ. ಎಲ್ಲ ಸಿದ್ಧ.

ಮಾರ್ಚ್ 15, ಶನಿವಾರ, ಸಂಜೆ 4

ಸರ್ವನಾಶ.

ಕೇಬಲ್ ನೋಡಲು ಬಂದ ಫ್ಯೂಸು ನನ್ನ ಫೋನು ಹಿಡಿದವನು ಹಾಗೇ ನಿಂತ. "ಮೇಷ್ಟ್ರೇ... ಪ್ಲೇ ಒತ್ತಿದ್ರಾ?"

"ಟ್ರಯಲ್ ನೋಡಿದೆ. ಎರಡೇ ನಿಮಿಷ."

"ಅಯ್ಯೋ! ಒಂದ್ಸಲ ಒತ್ತಿದ್ರೆ ಗಡಿಯಾರ ಶುರು. ನಲವತ್ತೆಂಟು ಗಂಟೆ. ಓಕೆ ಒತ್ತಿಸ್ಕೊಂಡಿದ್ದು ಅದಕ್ಕೇ!"

ಪರದೆಯ ಮೂಲೆಯಲ್ಲಿ ಸಣ್ಣಕ್ಷರ: ಉಳಿದಿರುವುದು 19 ಗಂಟೆ. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಖತಂ. ಮತ್ತೆ ಬಾಡಿಗೆಗೆ ತೆಗೆದುಕೊಳ್ಳೋಣ ಅಂದರೆ ನಿನ್ನೆ ರಾತ್ರಿಗೇ ಆ್ಯಪಿನಿಂದ ಇಳಿಸಿಯಾಗಿದೆ. ತಂಡ ನಾಳೆ ಸಂಜೆ ಬರಲಿ ಬಿಡಲಿ — ಮಗಳು ಈಗಲೇ ನೋಡಬೇಕು. ಹಾಲಿಗೆ ಓಡುತ್ತಿದ್ದೇವೆ.

ರಾತ್ರಿ 9.30, ಮನೆ

ಪ್ರೊಜೆಕ್ಟರ್ ಹಚ್ಚಿದೆವು. ಗೋಡೆ ತುಂಬ ಕಪ್ಪು. ಧ್ವನಿ ಮಾತ್ರ. ನನ್ನ ಧ್ವನಿ — "ನನ್ನ ಕತ್ತಿ ಎಲ್ಲಿ?" ಅಂತ ಕತ್ತಲೆಯಲ್ಲಿ ಹುಡುಕುತ್ತಿದೆ.

ಫ್ಯೂಸು ಕೇಬಲ್ ಕಿತ್ತ, ಹಾಕಿದ, ಕಿತ್ತ. "ಫೋನು ಕೇಳುತ್ತೆ, ನೀನ್ಯಾರು, ನಂಬಬಹುದಾ ಅಂತ. ಇದು ಹಳೇ ಪ್ರೊಜೆಕ್ಟರ್, ಗುರುತು ಹೇಳೋಕೆ ಬರಲ್ಲ. ಚಿತ್ರ ಬಂದ್." ಕಳ್ಳ ಅಂತ ಅನುಮಾನ, ಪಾಪದ ಪ್ರೊಜೆಕ್ಟರಿನ ಮೇಲೆ!

ಅವನ ಲ್ಯಾಪ್‌ಟಾಪಿನಲ್ಲಿ ಹಾಕಿದ. ಅಲ್ಲಿ ಕದಿಯುವುದು ಸುಲಭ ಅಂತ ಮಂಜು ಕವಿದ ಚಿತ್ರ ಮಾತ್ರ ಕೊಡುತ್ತಾರಂತೆ. ಫೋನಿನಲ್ಲಿ ಸ್ವಚ್ಛ. ಆದರೆ ಆ ದೃಶ್ಯ ದೂರದಿಂದ, ಒಂದೇ ದೀಪದ ಬೆಳಕಿನಲ್ಲಿ ತೆಗೆದದ್ದು. ರಾಣಿ ಅಕ್ಕಿಕಾಳಿನಷ್ಟು. ಕೈ ಎಲ್ಲಿ, ಬೆರಳೆಲ್ಲಿ? ಮನೆಯ ಟಿವಿ ನನ್ನ ಓರಗೆಯದು, ಆ್ಯಪ್ ಅಂದರೆ ಏನೆಂದೇ ಅದಕ್ಕೆ ಗೊತ್ತಿಲ್ಲ.

ಮಗಳು ಫೋನನ್ನು ಮೂಗಿಗೆ ಹಿಡಿದು ನೋಡಿದಳು. ಮತ್ತೆ ನೋಡಿದಳು. ಕೆಳಗಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಫ್ಯೂಸಿನ ಕಡೆ ತಿರುಗಿದೆ. "ಆ ಬಾಕ್ಸು... ಎಷ್ಟೊತ್ತಿಗೆ ಸಿಗುತ್ತೆ?"

ಹೌದು, ನಾನೇ ಕೇಳಿದ್ದು.

"ಈಗ ಆರ್ಡರ್ ಮಾಡಿದ್ರೆ ಬುಧವಾರ."

ಮಗಳೇ ತಲೆ ಓಡಿಸಿದಳು. "ಮೇನ್ ರೋಡಿನ ಟಿವಿ ಅಂಗಡಿ! ಅವರ ಹತ್ತಿರ ಹೊಸ ಟಿವಿ ಇರುತ್ತಲ್ಲ, ಗೋಡೆಯಷ್ಟು ದೊಡ್ಡದು."

ಓಡಿದೆವು. ಶಟರ್ ಎಳೆದಿತ್ತು. ಭಾನುವಾರ ಬೆಳಿಗ್ಗೆ 10ಕ್ಕೆ ತೆರೆಯುತ್ತದೆ.

ಮಾರ್ಚ್ 16, ಭಾನುವಾರ, ಬೆಳಿಗ್ಗೆ 10.10

ಅಂಗಡಿ ಮುಂದೆ. ಹೆಂಡತಿಯೂ ಹಟ ಹಿಡಿದು ಬಂದಿದ್ದಾಳೆ. ಆಟೋದಲ್ಲಿ ಕುಳಿತೇ ನನ್ನನ್ನು ನೋಡುತ್ತಿದ್ದಾಳೆ. ಶಟರ್ ಇನ್ನೂ ಮುಚ್ಚಿದೆ. ಅಂಗಡಿಯವನು ಎಲ್ಲಿ ಸತ್ತ—

ಮಧ್ಯಾಹ್ನ 3, ಮನೆ

ಈಗ ಕೂತು ಬರೆಯುತ್ತೇನೆ.

ಹತ್ತೂವರೆಗೆ ಬಂದ ಪುಣ್ಯಾತ್ಮ. ಕೀ ಗೊಂಚಲಲ್ಲಿ ಸರಿಯಾದ ಕೀ ಹುಡುಕಲು ಒಂದು ಅಂಕ ತೆಗೆದುಕೊಂಡ. ಒಳಗೆ ಗೋಡೆ ತುಂಬ ಟಿವಿಗಳು, ಎಲ್ಲದರಲ್ಲೂ ಒಂದೇ ಮೀನು ಈಜುತ್ತಿತ್ತು.

"ಟಿವಿ ನೋಡ್ಬೇಕಿತ್ತು," ಅಂದೆ.

"ನೋಡಿ ಸಾರ್, ಯಾವುದು?"

"ಯಾವುದಾದರೂ! ದೊಡ್ಡದು!"

ಅದು ಅಪ್‌ಡೇಟ್ ಕೇಳಿತು. ಕಾದೆವು. ಪಾಸ್‌ವರ್ಡ್ ಕೇಳಿತು. ರಿಮೋಟಿನಲ್ಲಿ ಒಂದೊಂದೇ ಅಕ್ಷರ. ಫ್ಯೂಸು ಅವಸರದಲ್ಲಿ ಒಂದಕ್ಷರ ತಪ್ಪು ಒತ್ತಿದ. ಮತ್ತೆ ಮೊದಲಿನಿಂದ. ನಾನು ಗೋಡೆಯ ಗಡಿಯಾರ ನೋಡಲಾರದೆ ಮೀನು ನೋಡುತ್ತಿದ್ದೆ. ದೃಶ್ಯ ಸಿಕ್ಕಾಗ 10.54.

ಹೆಂಡತಿಗೆ ಪ್ಲಾಸ್ಟಿಕ್ ಕುರ್ಚಿ. ಮಗಳು ಟಿವಿಗೆ ಎರಡಡಿ ದೂರ. ಫ್ಯೂಸು ಹಿಂದೆ ನಿಂತು ಮೆಲ್ಲಗೆ ತನ್ನ ಫೋನು ಎತ್ತಿ ರೆಕಾರ್ಡಿಂಗ್ ಒತ್ತಿದ. ಹಾಲಿನಲ್ಲಿ ಎಷ್ಟು ಜನರ ಕೈಯಿಂದ ಹೀಗೆ ಫೋನು ಕಿತ್ತುಕೊಂಡಿದ್ದೇನೆ! ನೋಡಿದೆ. ಮುಖ ಈ ಕಡೆ ತಿರುಗಿಸಿಕೊಂಡೆ.

ಅವಳು ಬಂದಳು. ಗೋಡೆಯಷ್ಟು ದೊಡ್ಡವಳು.

ಮೊದಲನೆಯ ಸಲ ಕೈ ಮೇಲೆದ್ದು ಕಿವಿಯವರೆಗೆ ಹೋಗಿ, ಕೂದಲು ಸರಿಮಾಡಿ ಇಳಿಯಿತು — ಯಾರಾದರೂ ನೋಡಿದರೇನೋ ಅನ್ನುವ ಹಾಗೆ. ಎರಡನೆಯ ಸಲ ಕಿರೀಟ ಮುಟ್ಟಿತು. ತೆಗೆಯಲಿಲ್ಲ. ಕೆಳಗೆ ಒತ್ತಿತು. ಇನ್ನೂ ಭದ್ರವಾಗಿ ತಲೆಗೆ ಒತ್ತಿಕೊಂಡಳು!

"ಅಯ್ಯೋ, ಒತ್ಕೋತಾಳೆ!" ಮಗಳು ಕೂಗಿಬಿಟ್ಟಳು. "ಅಮ್ಮಾ, ನೀನು ಬಿಟ್ಟುಕೊಡೋಕೆ ರೆಡಿ ಇರ್ಲಿಲ್ಲ!"

"ಯಾಕೆ ಬಿಡ್ಲಿ? ನನ್ನ ಕಿರೀಟ," ಅಂದಳು ಹೆಂಡತಿ, ಟಿವಿಯಿಂದ ಕಣ್ಣು ಕೀಳದೆ.

ಆಮೇಲೆ ಅವಳು ಹೆಣದ ಕಡೆ ನೋಡಿದಳು. ನನ್ನ ಕಡೆ. ಎಷ್ಟು ಹೊತ್ತು! ದುಃಖ ಅಂದುಕೊಂಡಿದ್ದೆ ಇಷ್ಟು ವರ್ಷ. ದುಃಖವಲ್ಲ. ಸಿಟ್ಟು. ಹೇಳದೆ ಕೇಳದೆ ಸತ್ತನಲ್ಲ ಅನ್ನುವ ಸಿಟ್ಟು. ಅದರ ಮುಂದೆ ನಾನು ಮುಖ ತಿರುಗಿಸಿ ಮಲಗಿದ್ದೆ. ಪ್ರತಿ ಶೋದಲ್ಲೂ.

ಮೂರನೆಯ ಸಲ ಕೈ ಎದ್ದಿತು. ಬೆರಳು ಕಿರೀಟದ ಅಂಚು ಹಿಡಿಯಿತು—

"ನಿಮ್ಮ ಬಾಡಿಗೆ ಅವಧಿ ಮುಗಿದಿದೆ."

ಮೀನು. ಮತ್ತೆ ಅದೇ ಮೀನು.

ಫ್ಯೂಸು ತನ್ನ ರೆಕಾರ್ಡಿಂಗ್ ಹಾಕಿದ. ಅದರಲ್ಲಿ ಒಂದು ಟ್ಯೂಬ್‌ಲೈಟು, ಟಿವಿ ತುಂಬ ಪಟ್ಟೆ ಪಟ್ಟೆ, ನಟ್ಟನಡುವೆ ನನ್ನ ಬೋಳು ತಲೆ. ಮಗಳು ನೆಲ ನೋಡುತ್ತ, "ತೆಗೆಯೋದೇ ನೋಡ್ಲಿಲ್ಲ," ಅಂದಳು. "ತೆಗೆಯೋದೇ ಮುಖ್ಯ."

ಕುರ್ಚಿ ಕಿರುಗುಟ್ಟಿತು. ಹೆಂಡತಿ ಎದ್ದು ನಿಂತಿದ್ದಳು.

"ಬಿದ್ಕೊಳ್ಳಿ."

"ಯಾರು? ಎಲ್ಲಿ?"

"ರಾಜ ಬೇರೆ ಯಾರಿದ್ದಾರೆ ಇಲ್ಲಿ? ಇಲ್ಲೇ ಬಿದ್ಕೊಳ್ಳಿ ರೀ. ಮರೆತುಹೋಗೋ ಮುಂಚೆ."

ಬಿದ್ದೆ. ತಣ್ಣನೆಯ ಟೈಲ್ಸು. ಅಂಗಡಿಯವನು "ಸಾರ್, ಸಾರ್" ಅಂತ ಓಡಿ ಬಂದ, ಫ್ಯೂಸು ತಡೆದ. ಅಭ್ಯಾಸಬಲದಿಂದ ಮುಖ ಆಚೆ ಹೋಯಿತು. ಈಚೆ ತಿರುಗಿಸಿದೆ. ಕಣ್ಣು ಬಿಟ್ಟೆ. ಹೆಣ ಕಣ್ಣು ಬಿಟ್ಟುಕೊಂಡೇ ಸತ್ತಿತು ಅಂದುಕೊಳ್ಳಲಿ.

ಎಡಗೈ ಎದ್ದಿತು. ಅದೇ ಕೈ ಅಲ್ಲ, ಆದರೆ ಅದೇ ದಾರಿ. ಅಂಚು ಹಿಡಿದಳು. ಕಿತ್ತಳು — ಹೂವಿನಂತೆ ಎತ್ತಲಿಲ್ಲ, ಗಾಯದ ಪಟ್ಟಿ ಕಿತ್ತಂತೆ ಒಂದೇ ಸಲಕ್ಕೆ ಕಿತ್ತಳು. ಕತ್ತು ಹಿಂದಕ್ಕೆ ಹೋಯಿತು. ಬಗ್ಗಿ, ಇಲ್ಲದ ಕಿರೀಟವನ್ನು ನನ್ನ ಎದೆಯ ಮೇಲಿಟ್ಟಳು. ಅಲ್ಲಿಂದ ಎದ್ದು ಹೊರಡಬೇಕು. ಏಳಲಾಗಲಿಲ್ಲ. ಕೈ ನನ್ನ ಎದೆಯ ಮೇಲೇ ಉಳಿಯಿತು. ಉಸಿರು ಏರುತ್ತಿತ್ತು.

"ಸತ್ತೋರು ಕಣ್ಣು ಮುಚ್ಕೋಬೇಕು," ಅಂದಳು, ನನಗೊಬ್ಬನಿಗೇ ಕೇಳುವಂತೆ.

"ಮುಚ್ಚಲ್ಲ, ಹೋಗೇ."

ಮಗಳೂ ಫ್ಯೂಸೂ ಹಿಡಿದೆತ್ತಿದರು. ಅಂಗಡಿಯವನು ಬಹಳ ಗೌರವದಿಂದ, "ಟಿವಿ ಪ್ಯಾಕ್ ಮಾಡ್ಲಾ ಸಾರ್?" ಅಂದ.

ಸಂಜೆ 7

ಐದಕ್ಕೆ ಹಾಲಿನಲ್ಲಿ ತಂಡ ಸೇರಿತು. ಪ್ರೊಜೆಕ್ಟರ್ ಹಚ್ಚಲಿಲ್ಲ. ತಾಯಿ ಕುರ್ಚಿಯಲ್ಲಿ, ಮಗಳು ಎದುರಿಗೆ, ಕನ್ನಡಿ ನೋಡಿಕೊಂಡಂತೆ. ಅಮ್ಮನ ಎಡಗೈ ಎದ್ದರೆ ಮಗಳ ಬಲಗೈ. ಮೊದಲ ಸಲ ಇನ್ನೂ ತಲೆ ಕೆರೆದುಕೊಂಡಂತೆಯೇ. ಆರನೆಯ ಸಲವೋ ಏಳನೆಯದೋ, ಅವಳು ಕಿರೀಟ ಒತ್ತಿಕೊಂಡ ಕೂಡಲೇ ಸೇನಾಪತಿ ಪಾತ್ರದವನು ಕುಡಿಯುತ್ತಿದ್ದ ನೀರು ಹಾಗೇ ಬಾಯಲ್ಲಿಟ್ಟುಕೊಂಡು ನಿಂತ. ಬಂತು! ಪೂರ್ತಿ ಅಲ್ಲ. ಇನ್ನೂ ಏಳು ದಿನ ಇದೆ.

ಆಗೆಲ್ಲ ನಾನು ನೆಲದ ಮೇಲೆ ಹೆಣ. ಮಗಳು ಗದರಿದಳು: "ಅಪ್ಪ, ಕಣ್ಣು ಬಿಟ್ಟು ನೋಡ್ತಾ ಇದ್ರೆ ನಂಗೆ ಹೇಗೆ ಬರುತ್ತೆ?" ಮುಚ್ಚಿದೆ. ಮತ್ತೆ ಕತ್ತಲೆ, ಮತ್ತೆ ಎದೆಯ ಮೇಲೆ ಭಾರ.

ಇಲ್ಲ. ಇದು ಸಾಕು.

ಆ ದೃಶ್ಯಕ್ಕೆ ಒಂದೇ ದೀಪ. ಅದನ್ನು ಹಿಡಿಯುವವನು ಬಾಲ್ಕನಿಯಲ್ಲಿ ಕುಳಿತು, ಕೊನೆಯ ಒಂಬತ್ತು ನಿಮಿಷ ಅವಳಿಂದ ಕಣ್ಣು ಕೀಳುವ ಹಾಗಿಲ್ಲ. ಅದು ಅವನ ಕೆಲಸ. ಇಷ್ಟು ವರ್ಷ ಆ ಅದೃಷ್ಟ ಫ್ಯೂಸಿನದಾಗಿತ್ತು, ಆ ದಡ್ಡ ಬೆಳಕಿನ ಅಂಚನ್ನೇ ನೋಡುತ್ತಿದ್ದ, ಕೈ ನೋಡಲೇ ಇಲ್ಲ.

ನಾಳೆ ಬೆಳಿಗ್ಗೆ, ಅಂಗಡಿ ತೆರೆಯುವುದಕ್ಕೂ ಮುಂಚೆ, ರಾಜನ ಉಡುಪು ಹೆಗಲ ಮೇಲೆ ಹಾಕಿಕೊಂಡು ಹೋಗಿ ಅವನ ಬಾಗಿಲು ಬಡಿಯುತ್ತೇನೆ. ಎದ್ದೇಳೋ, ದೀಪ ಇಲ್ಲಿ ಕೊಡು, ಕೊನೆಯ ಒಂಬತ್ತು ನಿಮಿಷ ಹೆಣ ನೀನು, ನಿನಗೆ ಸಾಯೋದು ಕಲಿಸ್ತೀನಿ ಅನ್ನುತ್ತೇನೆ. ಉಡುಪು ಎದೆಯಲ್ಲಿ ಅವನಿಗೆ ಸಡಿಲ ಬರುತ್ತದೆ, ಬೆನ್ನಿಗೆ ಎರಡು ಹೊಲಿಗೆ ಹಾಕಿ—