ಮೇಲಿನ ಖಾನೆಯ ಡಬ್ಬಿ

ಲಿವಿಯು,

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ: ಹೊರಗಿನಿಂದ ಊಟ ತರಿಸುವುದನ್ನು ಬಿಟ್ಟೆ. ನೀನು ಗೋಗರೆದಾಗ ಬಿಡದವಳು ಈಗ ಭಾನುವಾರವೇ ವಾರದ ಅಡುಗೆ ಮಾಡಿ ಫ್ರೀಜರ್‌ನಲ್ಲಿ ಇಡುತ್ತೇನೆ.

ಇವತ್ತು ಸಾರ್ಮಾಲೆ. ಹುಳಿ ಬಂದ ಎಲೆಕೋಸಿನಲ್ಲಿ ಅಕ್ಕಿ, ಕೈಮಾ ಇಟ್ಟು ಸುತ್ತುತ್ತ ಕೂತರೆ ಕೈ ನಿಲ್ಲಲಿಲ್ಲ, ಇಬ್ಬರಿಗಾಗುವಷ್ಟಾಯಿತು. ಮಿಕ್ಕಿದ್ದನ್ನು ಹೊಸ ಡಬ್ಬಿಗೆ ತುಂಬಿ ಪಕ್ಕದ ಮನೆಯ ವೆತೂರಿಯಾ ಅಜ್ಜಿಗೆ ಕೊಟ್ಟು, “ಡಬ್ಬಿ ವಾಪಸ್ ಬೇಡ” ಅಂದುಬಿಟ್ಟೆ. ನಮ್ಮಲ್ಲಿ ಪಾತ್ರೆ ಸಮೇತ ಊಟ ಕೊಡುವುದು ಸತ್ತವರ ಹೆಸರಿನಲ್ಲಿ ಎಂಬುದು ನೆನಪೇ ಆಗಲಿಲ್ಲ.

ಅಜ್ಜಿ ಶಿಲುಬೆಯ ಗುರುತು ಹಾಕಿಕೊಂಡರು. “ಯಾರ ಆತ್ಮಕ್ಕಮ್ಮಾ?”

“ಹಾಗಲ್ಲ ಅಜ್ಜಿ. ಲಿವಿಯು ಪಾಲು ಮಿಕ್ಕಿತ್ತು.”

“ಅಯ್ಯೋ, ಲಿವಿಯುನಾ! ಅದಕ್ಕೇ ಕಾಣ್ತಿರ್ಲಿಲ್ಲ ಹುಡುಗ!”

“ಅವ್ನಿಗೇನಾಗಿದೆ? ನನ್ನ ಬಿಟ್ಟು ತಿಮಿಶೋರಾ ಊರಿಗೆ ಹೋದ, ಅಲ್ಲಿ ಗುಂಡುಕಲ್ಲಿನ ಹಾಗಿದಾನೆ.”

ಅಜ್ಜಿ ನನ್ನ ಮುಖವನ್ನೇ ನೋಡಿದರು. ಆಮೇಲೆ ಡಬ್ಬಿಯನ್ನು ನನ್ನ ಕೈಗೇ ತುರುಕಿದರು. “ಬದುಕಿರೋನ ಪಾಲು ನಾನ್ಯಾಕೆ ತಿನ್ಲಿ? ತಗೊಂಡ್ಹೋಗಿ ಇಡು, ಹುಚ್ಚಿ.”

ಇಟ್ಟಿದ್ದೇನೆ, ಫ್ರೀಜರ್‌ನ ಮೇಲಿನ ಖಾನೆಯಲ್ಲಿ. ಬಿಸಿ ಮಾಡುವಾಗ ಸ್ವಲ್ಪ ನೀರು ಚಿಮುಕಿಸು. ಇಲ್ಲವಾದರೆ ತಳ ಹಿಡಿಯುತ್ತದೆ.